ಇತರೆ, ನಮೂದಿಸಿ

ಲಿಂಗರಾಜಪುರದ ಫ್ಲೈಓವರ್ ಬುಡದಲ್ಲಿ ನನ್ನ ಝೆರಾಕ್ಸ್ ಅಂಗಡಿ.
ಜಾತಿ, ಆದಾಯ, ವಾಸಸ್ಥಳ, ವಿಧವಾ ವೇತನ:
ಐವತ್ತು ರೂಪಾಯಿಗೆ ಯಾರ ಬದುಕನ್ನಾದರೂ
ಸರ್ಕಾರಕ್ಕೆ ತಿಳಿಯುವ ಹಾಗೆ ತುಂಬಿಕೊಡುತ್ತೇನೆ.

ಆ ಗುರುವಾರ ಬಂದವನು ಎಲ್ಕಾನಾ ಘೋಸಾಳ್ಕರ್.
ಪಿಯುಸಿ, ಎಪ್ಪತ್ತೊಂದು ಪರ್ಸೆಂಟು.
ತಾತ ದಂಡು ಸ್ಟೇಷನ್ನಿನಲ್ಲಿ ರೈಲು ಗಾರ್ಡಾಗಿದ್ದವರು,
ಅಮ್ಮ ಮೂರು ಸ್ಕೂಲಿನ ಯೂನಿಫಾರಂ ಹೊಲಿಯುತ್ತಾರೆ,
ಅಪ್ಪ ಮೈಸೂರು ರಸ್ತೆಯಲ್ಲಿ.
‘ಏನು ಕೆಲಸ?’ ಅಂದೆ.
‘ಸಮಾಧಿ’ ಅಂದ.

ಧರ್ಮ.
ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತದೆ,
ಬಾವಿಗೆ ಬಿಟ್ಟ ಹಗ್ಗ.
ಎರಡು ಸಲ ಇಳಿದು ಹತ್ತಿದೆ, ಇವನು ಸಿಗಲಿಲ್ಲ.
ತಳದಲ್ಲಿತ್ತು: ಇತರೆ, ನಮೂದಿಸಿ.
ಯೆಹೂದಿ ಎಂದು ಬರೆದೆ. ಖಾನೆಯಲ್ಲಿ ಇನ್ನೂ ಜಾಗ ಮಿಕ್ಕಿತ್ತು.

ಜಾತಿ ಅಂದಾಗ ತಡವರಿಸಿದ.
‘ಕೊಂಕಣದಲ್ಲಿ ನಮ್ಮವರನ್ನ ಶನಿವಾರದ ಗಾಣಿಗರು ಅಂತಿದ್ದರಂತೆ.
ಆವತ್ತೊಂದು ದಿನ ಎತ್ತು ಕಟ್ಟುತ್ತಿರಲಿಲ್ಲ.’
ಪಿಂಚಣಿಗೆ ಕೂತಿದ್ದ ಮುನಿಚಿನ್ನಪ್ಪ ಎದ್ದೇಬಿಟ್ಟ:
‘ಗಾಣಿಗ ಅಂತ್ಲೇ ಹಾಕ್ಬುಡಿ ಮೇಡಂ, ದುಡ್ಡಾದ್ರೂ ಬತ್ತದೆ.’
ಹುಡುಗ ತಲೆಯಾಡಿಸಿದ, ಬೇಡ ಎಂದು,
ಎಣ್ಣೆ ಇಳಿಯುವಷ್ಟು ನಿಧಾನ.

ಕೋರ್ಸು? ಬಿಎ ಅಲ್ಲ, ಬಿಕಾಂ ಅಲ್ಲ, ನರ್ಸಿಂಗ್ ಅಲ್ಲ.
‘ಎರಡು ವರ್ಷ ಇಬ್ಬಿಬ್ಬರು ಎದುರುಬದುರು ಕೂತು
ಒಂದೊಂದು ಸಾಲಿಗೂ ಜಗಳ ಆಡಬೇಕು, ಮೇಡಂ.’
‘ಏನಂತ ಜಗಳ?’
‘ನಾನು ತೋಡಿ ಮುಚ್ಚದೆ ಬಿಟ್ಟ ಗುಂಡಿಗೆ
ಪಕ್ಕದವನ ಎತ್ತು ಬಿದ್ದರೆ ಹೊಣೆ ಯಾರು, ಅಂತ.’
ಹೊರಗೆ ಪಾಲಿಕೆಯವರು ಅಗೆದು ಮರೆತ ರಸ್ತೆ,
ಅದರೊಳಗೆ ಯಾರದೋ ಸ್ಕೂಟಿಯ ಕನ್ನಡಿ
ಫ್ಲೈಓವರಿನ ಹೊಟ್ಟೆ ನೋಡುತ್ತ ಬಿದ್ದಿತ್ತು.
‘ಹೋಗೋವಾಗ ಅವರನ್ನೂ ಕರಕೊಂಡೋಗಪ್ಪ’ ಅಂದ ಮುನಿಚಿನ್ನಪ್ಪ.

ಧರ್ಮಕ್ಕೆ ದಾಖಲೆ ಬೇಕಂತೆ.
ಈ ಊರಲ್ಲಿ ಸೀಲು ಒತ್ತಿಕೊಡುವ ಗುಡಿ ಇವರಿಗಿಲ್ಲ.
ಅಪ್ಪನ ಸಮಾಧಿ ಕಲ್ಲಿನ ಫೋಟೋ ತಂದ.
ಇನ್ನೂರು ಕೆಬಿಗೆ ಹಿಂಡಿದೆ.
ಹೆಸರು ಉಳಿಯಿತು, ಮೇಲಿದ್ದ ನಕ್ಷತ್ರ ಮಸುಕಾಯಿತು.

ಆದಾಯ ಪತ್ರ ಕೈಗೆ ಬಂದದ್ದು ಶುಕ್ರವಾರ ಸೂರ್ಯ ಇಳಿದ ಮೇಲೆ.
ಕೊನೆಯ ದಿನ ಶನಿವಾರ, ರಾತ್ರಿ ಹನ್ನೆರಡರೊಳಗೆ.
ತಂದುಕೊಟ್ಟ ಅವರಮ್ಮನ ನೆರೆಯಾಕೆಗೆ ಹೇಳಿದೆ,
ಒಟಿಪಿ ಬಂದರೆ ಸಾಕು, ನಾನೇ ಒತ್ತಿಬಿಡುತ್ತೇನೆ.
ಅವಳು ಹೋಗಿ ಕೇಳಿ ಬಂದಳು:
‘ತನಗೋಸ್ಕರ ನೀವು ಒತ್ತಿದರೂ ತಾನೇ ಒತ್ತಿದ ಹಾಗಂತೆ.
ನಾಳೆ ಮೂರು ನಕ್ಷತ್ರ ಕಂಡ ಮೇಲೆ ಬರ್ತಾನಂತೆ.’

ಹನ್ನೊಂದು ವರ್ಷದ ಅಂಗಡಿ.
ಮೇಲೆ ಆಕಾಶ ಇದೆಯೆಂದು ಆ ಸಂಜೆ ಕತ್ತೆತ್ತಿ ನೋಡಿದೆ.
ಒಂದು ಕಂಡಿತು.
ಎರಡನೆಯದು ನೋಡನೋಡುತ್ತ ದೇವನಹಳ್ಳಿ ಕಡೆ ಹೋಯಿತು.
ಕೆಂಪಗಿದ್ದದ್ದು ಟವರ್.
ಆಮೇಲೆ ಕರೆಂಟು ಹೋಯಿತು, ಇಡೀ ಲಿಂಗರಾಜಪುರಕ್ಕೆ,
ಮತ್ತು ನಾನು ಎಣಿಸುವುದನ್ನು ಬಿಟ್ಟೆ.

ಓಡಿ ಬಂದ. ಬೆರಳಲ್ಲಿ ಲವಂಗದ ವಾಸನೆ.
‘ಮೂರಾಯ್ತು ಮೇಡಂ!’
‘ಮೂವತ್ತಾಯ್ತು ಕಣೋ. ಕರೆಂಟಿಲ್ಲ.’
ಕತ್ತಲಲ್ಲಿ ಇಬ್ಬರೂ ಎದುರುಬದುರು ಕೂತೆವು.
ಎತ್ತು ಕುರುಡಾಗಿದ್ದರೆ? ಅಂದೆ.
ಅವನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡ.

ಹತ್ತೂ ಮುಕ್ಕಾಲಿಗೆ ಒಟಿಪಿ ಬಂತು. ಒತ್ತಿದ.
ಸ್ವೀಕೃತಿ ಪತ್ರದಲ್ಲಿ ಧರ್ಮದ ಎದುರು
‘ಇತರೆ’ ಅಷ್ಟೇ ಅಚ್ಚಾಗಿತ್ತು; ನಮೂದಿಸಿದ್ದು ಎಲ್ಲೂ ಇರಲಿಲ್ಲ.
ಹತ್ತು ರೂಪಾಯಿ ಕಮ್ಮಿ ಕೊಟ್ಟ. ಸೋಮವಾರ ತಂದುಕೊಟ್ಟ.

ಈಗ ನಾಲ್ಕು ತಿಂಗಳು. ನಂಬರು ಹಾಕಿ ನೋಡುತ್ತಿರುತ್ತೇನೆ:
ಪರಿಶೀಲನೆಯಲ್ಲಿದೆ.
ಗುಂಡಿಯೂ ಹಾಗೇ ಇದೆ.
ನಿನ್ನೆ ಬಾಗಿಲು ಹಾಕುವಾಗ ಕತ್ತೆತ್ತಿದೆ. ಎರಡೇ ಕಂಡವು.
ಸ್ವಲ್ಪ ಹೊತ್ತು ನಿಂತು, ಎರಡಕ್ಕೇ ಶಟರ್ ಎಳೆದೆ.